ಸೈಕಲ್ಲಿಗೆ ಕಾರು ಗುದ್ದಿದ ಮೇಲೆ: ಮೂರು ವರ್ಷ, ಹತ್ತೊಂಬತ್ತು ವಾಯಿದೆ

ಹೋದ ವಾರ ಬ್ಯಾಂಕಿನಿಂದ ಮೆಸೇಜ್ ಬಂತು. ಪರಿಹಾರದ ಹಣದಲ್ಲಿ ಅರ್ಧ ಭಾಗ ಖಾತೆಗೆ ಬಿದ್ದಿದೆ. ನನ್ನ ಹೆಂಡತಿ ಅದನ್ನು ಎರಡು ಸಲ ಓದಿಸಿದಳು. ಆಮೇಲೆ, "ಮೊದಲು ಬಳೆ ಬಿಡಿಸಿಕೊಂಡು ಬನ್ನಿ" ಅಂದಳು. ಆಪರೇಷನ್ನಿಗೆ ಅಡ ಇಟ್ಟ ಬಳೆ ಅದು. ಮೂರು ವರ್ಷದಿಂದ ಬಡ್ಡಿ ಕಟ್ಟುತ್ತಿದ್ದೆವು.

ಈ ಮಧ್ಯೆ ಗುರುತಿನವರು ನಾಲ್ಕೈದು ಜನ ಫೋನ್ ಮಾಡಿ ವಿಚಾರಿಸಿದ್ದರು. ಅವರ ಮನೆಯಲ್ಲೂ ಯಾರಿಗೋ ಹೀಗೇ ಆಗಿತ್ತು. ಪ್ರತಿ ಸಲ ಮೊದಲಿಂದ ಹೇಳುವುದಕ್ಕಿಂತ ಒಂದು ಸಲ ಬರೆದಿಡೋಣ ಅನಿಸಿತು. ನಾನು ವಕೀಲನಲ್ಲ. ಎಡವಿದ ಜಾಗಗಳನ್ನಷ್ಟೇ ತೋರಿಸಬಲ್ಲೆ.

2022ರ ಜೂನ್ 14, ಮಂಗಳವಾರ, ಬೆಳಿಗ್ಗೆ ಎಂಟೂ ಮುಕ್ಕಾಲು. ಮೈಸೂರಿನ ಅಗ್ರಹಾರದ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಡಿಟಿಪಿ ಮಾಡುತ್ತೇನೆ, ಪ್ರೂಫ್ ನೋಡುತ್ತೇನೆ. ಮನೆ ಕುವೆಂಪುನಗರ. ಹದಿನೈದು ವರ್ಷದಿಂದ ಓಡಾಟವೆಲ್ಲ ಸೈಕಲ್ಲಿನಲ್ಲೇ. ಆವತ್ತೂ ಕಾಂತರಾಜ ಅರಸು ರಸ್ತೆಯಲ್ಲಿ ಎಡಗಡೆ ಅಂಚು ಹಿಡಿದು ಹೋಗುತ್ತಿದ್ದೆ. ಹಿಂದಿನಿಂದ ಬಂದ ಕಾರು ನನ್ನನ್ನು ದಾಟಿತು. ದಾಟಿದ್ದೇ ತಡ, ಎಡಗಡೆಯ ಕ್ರಾಸಿಗೆ ತಿರುಗಿತು. ಇಂಡಿಕೇಟರ್ ಇಲ್ಲ, ಹಾರ್ನ್ ಇಲ್ಲ. ಬ್ರೇಕ್ ಹಿಡಿದದ್ದು ನೆನಪಿದೆ. ಆಮೇಲೆ ನೆನಪಿರುವುದು ಮುಂದಿನ ಚಕ್ರ. ನೆಲದಲ್ಲಿ ಬಿದ್ದಿದ್ದ ನನ್ನ ಮುಖದ ಪಕ್ಕದಲ್ಲೇ ಅದು ಟಕ್ ಟಕ್ ಅನ್ನುತ್ತಾ ಇನ್ನೂ ತಿರುಗುತ್ತಿತ್ತು. ಬಲಗಾಲು ಇರಬೇಕಾದ ಕಡೆ ಇರಲಿಲ್ಲ.

ಕ್ರಾಸಿನ ಮೂಲೆಯಲ್ಲಿ ಎಳನೀರು ಮಾರುವವರೊಬ್ಬರು ಇದ್ದರು. ಅವರೇ ಓಡಿ ಬಂದು ಆಟೋ ನಿಲ್ಲಿಸಿ ನನ್ನನ್ನು ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ಕಾರಿನವರು ಓಡಿ ಹೋಗಲಿಲ್ಲ, ಅದನ್ನು ಹೇಳಲೇಬೇಕು. ಹಿಂದೆಯೇ ಬಂದರು. ಮರ್ಯಾದಸ್ಥರು. "ಸಾರ್, ಪೊಲೀಸು ಗಿಲೀಸು ಬೇಡ, ಆಸ್ಪತ್ರೆ ಖರ್ಚೆಲ್ಲ ನಾನು ನೋಡಿಕೊಳ್ಳುತ್ತೇನೆ" ಅಂದರು. ಅಲ್ಲೇ ಮೊಬೈಲಿನಲ್ಲಿ ಹತ್ತು ಸಾವಿರ ಕಳಿಸಿದರು. ನೋವಲ್ಲಿ ನನಗೆ ಅವರು ದೇವರ ಹಾಗೆ ಕಂಡರು.

ಮೊಣಕಾಲ ಕೆಳಗೆ ಎರಡೂ ಮೂಳೆ ಮುರಿದಿತ್ತು. ಒಳಗೆ ಉದ್ದಕ್ಕೆ ರಾಡ್ ಹಾಕಿ ಸ್ಕ್ರೂ ಬಿಗಿದರು. ಆರು ದಿನ ಮಲಗಿಸಿಕೊಂಡರು. ಬಿಲ್ಲು 1,42,000 ರೂಪಾಯಿ. ಮೂರನೇ ದಿನದಿಂದ ಕಾರಿನವರು ಫೋನ್ ಎತ್ತಲಿಲ್ಲ. ಐದನೇ ದಿನ ಎತ್ತಿದರು. "ಅಷ್ಟೊಂದಾ? ನಾನು ಇಪ್ಪತ್ತು ಮೂವತ್ತು ಸಾವಿರ ಅಂದುಕೊಂಡಿದ್ದೆ" ಅಂದರು. ಅದೇ ಕೊನೆಯ ಮಾತು.

ಇಲ್ಲಿ ನಿಂತು ಒಂದು ಮಾತು ಹೇಳಬೇಕು. ಕೇಸಾದರೆ ಪರಿಹಾರವನ್ನೆಲ್ಲ ತಮ್ಮ ಕೈಯಿಂದಲೇ ಕೊಡಬೇಕು ಅಂತ ಕಾರಿನವರು ಹೆದರುತ್ತಾರೆ. ಹಾಗಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದು, ಲೈಸೆನ್ಸ್ ಸರಿಯಿದ್ದರೆ ಕೊಡುವುದು ಕಂಪನಿ. ಅದಕ್ಕೇ ಅವರು ವರ್ಷ ವರ್ಷ ಪ್ರೀಮಿಯಂ ಕಟ್ಟುವುದು. ಇದನ್ನು ಆವತ್ತೇ ಅವರಿಗೆ ಹೇಳುವಷ್ಟು ಬುದ್ಧಿ ನನಗೆ ಇದ್ದಿದ್ದರೆ, ಬಹುಶಃ ಅವರೇ ನನ್ನ ಜೊತೆ ಸ್ಟೇಷನ್ನಿಗೆ ಬರುತ್ತಿದ್ದರು.

ದೂರು ಕೊಟ್ಟದ್ದು ಆರು ದಿನ ಆದ ಮೇಲೆ, ಜೂನ್ 20ಕ್ಕೆ. ನನ್ನ ಹೇಳಿಕೆ ಬರೆದುಕೊಂಡು ಹೆಂಡತಿ, ಭಾವಮೈದ ಇಬ್ಬರೂ ಹೋದರು. "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂತ ಮೊದಲ ಪ್ರಶ್ನೆ. ತಡ ಯಾಕೆ ಆಯಿತು ಅನ್ನುವುದನ್ನು ದೂರಿನಲ್ಲೇ ಬರೆಯಬೇಕು. ಆಸ್ಪತ್ರೆಯಲ್ಲಿದ್ದೆ, ಚಾಲಕರು ಖರ್ಚು ಕೊಡುತ್ತೇನೆ ಅಂದಿದ್ದರು, ಕೊಡಲಿಲ್ಲ ಅಂತ. ಭಾವಮೈದನಿಗೆ ಅದು ಹೊಳೆದದ್ದು ನನ್ನ ಪುಣ್ಯ. ಎಫ್‌ಐಆರ್ ಆಯಿತು. ಆಗ ಐಪಿಸಿ, ಅಂದರೆ ಹಳೆಯ ದಂಡ ಸಂಹಿತೆಯ 279 ಮತ್ತು 337. ಅಜಾಗರೂಕ ಚಾಲನೆ, ಅದರಿಂದ ಗಾಯ ಅಂತ. ಮೂಳೆ ಮುರಿದ ಗಾಯದ ಪ್ರಮಾಣಪತ್ರ ಬಂದ ಮೇಲೆ 338 ಸೇರಿಸಿದರು. 2024ರ ಜುಲೈ 1ರಿಂದ ಐಪಿಸಿ ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂದಿದೆ. ಈಗ ನಿಮ್ಮ ಎಫ್‌ಐಆರ್‌ನಲ್ಲಿ ಕಾಣುವುದು 281 ಮತ್ತು 125. ಗಾಬರಿಯಾಗಬೇಡಿ, ವಿಷಯ ಅದೇ.

ಸೈಕಲ್ಲಿನದು ಇನ್ನೊಂದು ಕಥೆ. ಮಹಜರಿಗೆ ಅದನ್ನು ಸ್ಟೇಷನ್ನಿಗೆ ಒಯ್ದರು. ವಾಪಸ್ ಕೇಳಲು ಹೋದರೆ, "ನಿಮ್ಮದೇ ಅಂತ ಏನು ಗುರುತು? ಇದಕ್ಕೆ ನಂಬರ್ ಪ್ಲೇಟ್ ಇದೆಯಾ?" ಅಂದರು. ಸೈಕಲ್ಲಿಗೂ ಒಂದು ನಂಬರ್ ಇರುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಸೈಕಲ್ಲನ್ನು ತಲೆಕೆಳಗು ಮಾಡಿದರೆ, ಪೆಡಲ್ ತಿರುಗುವ ಜಾಗದ ಅಡಿಯಲ್ಲಿ ಫ್ರೇಮಿನ ಮೇಲೆ ಕೆತ್ತಿರುತ್ತಾರೆ. ಗ್ರೀಸು, ಮಣ್ಣು ಒರೆಸಿದರೆ ಕಾಣುತ್ತದೆ. ಅಂಗಡಿಯ ಹಳೆಯ ಬಿಲ್ಲಿನಲ್ಲೂ ಅದೇ ನಂಬರ್ ಇತ್ತು. ಆ ಬಿಲ್ಲನ್ನು ನನ್ನ ಹೆಂಡತಿ ಗ್ಯಾಸ್ ಪುಸ್ತಕದೊಳಗೆ ಇಟ್ಟಿದ್ದಳು. ಸೈಕಲ್ ಇರುವವರು ಇವತ್ತೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಆಸ್ಪತ್ರೆಯ ವಾರ್ಡಿನಲ್ಲೇ ನನ್ನ ಹತ್ತಿರ ಒಬ್ಬರು ಬಂದಿದ್ದರು. ಕೈಯಲ್ಲಿ ಫೈಲು. "ಏನೂ ಖರ್ಚಿಲ್ಲ, ಬಂದದ್ದರಲ್ಲಿ ಇಪ್ಪತ್ತೈದು ಪರ್ಸೆಂಟ್ ಕೊಡಿ ಸಾಕು, ಇಲ್ಲಿ ಸೈನ್ ಹಾಕಿ" ಅಂದರು. ಎರಡು ಹಾಳೆ ಪೂರ್ತಿ ಖಾಲಿ. ನನ್ನ ಕಸುಬೇ ಓದುವುದಲ್ವಾ, ಖಾಲಿ ಹಾಳೆಗೆ ಸೈನ್ ಹಾಕಲು ಕೈ ಬರಲಿಲ್ಲ. ಗೆದ್ದರೆ ಇಷ್ಟು ಪಾಲು ಅಂತ ವಕೀಲರು ಫೀಸು ಮಾತಾಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಇದೆ. ಆದರೂ ಮಾತಾಡುತ್ತಾರೆ. ಕೊನೆಗೆ ಪ್ರೆಸ್ಸಿನ ಗಿರಾಕಿಯೊಬ್ಬರ ಮೂಲಕ ಒಬ್ಬ ವಕೀಲೆ ಸಿಕ್ಕರು. ಮೇಡಂ ಮೊದಲ ದಿನವೇ ಫೀಸು ಹೇಳಿದರು. ನಲವತ್ತು ಸಾವಿರ, ನಾಲ್ಕು ಕಂತು, ಕಾಗದದ ಖರ್ಚು ಬೇರೆ. ಅದೂ ಆಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಮೇಡಂ ಹೇಳಿದ ಮೊದಲ ಮಾತು ಗಡುವಿನದು. ಅರ್ಜಿ ಹಾಕುವುದು ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿಯಲ್ಲಿ, ಅಪಘಾತ ಪರಿಹಾರದ ನ್ಯಾಯಮಂಡಳಿಗೆ. ಮೊದಲು ಇದಕ್ಕೆ ಕಾಲದ ಮಿತಿ ಇರಲಿಲ್ಲ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅಂತ ಆಗಿದೆ. ನನ್ನದು ಜೂನ್. "ಡಿಸೆಂಬರ್ ಅನ್ನೋ ಪದವನ್ನೇ ಮರೆತುಬಿಡಿ, ನವೆಂಬರಿಗೆ ಹಾಕೋಣ" ಅಂದರು. ಕಾಲು ವಾಸಿಯಾಗಲಿ, ಎಲ್ಲ ಬಿಲ್ಲೂ ಸೇರಲಿ ಅಂತ ಕಾದು ಕೂರಬೇಡಿ. ಆಮೇಲಿನ ಬಿಲ್ಲುಗಳನ್ನು ಆಮೇಲೆ ಕೊಡಬಹುದು. ಇನ್ನೊಂದು, ಅಪಘಾತ ಬೇರೆ ಊರಲ್ಲಿ ಆಗಿದ್ದರೂ ನೀವು ವಾಸ ಇರುವ ಊರಿನಲ್ಲೇ ಅರ್ಜಿ ಹಾಕಬಹುದು. ಬೇರೆ ಜಿಲ್ಲೆಗೆ ಓಡಾಡಬೇಕಲ್ಲ ಅಂತ ಎಷ್ಟೋ ಜನ ಸುಮ್ನೆ ಕೈಬಿಡುತ್ತಾರೆ.

ಬೇಕಾದ ಕಾಗದಗಳೆಂದರೆ ಎಫ್‌ಐಆರ್, ದೂರಿನ ಪ್ರತಿ, ಸ್ಥಳ ಮಹಜರು, ನಕ್ಷೆ, ಕಾರನ್ನು ತಪಾಸಣೆ ಮಾಡಿದ ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟ್. ಆಮೇಲೆ ನಮ್ಮ ಕಡೆಯಿಂದ ಡಿಸ್ಚಾರ್ಜ್ ಸಮರಿ, ಬಿಲ್ಲುಗಳು, ಎಕ್ಸ್‌ರೇ, ಆಧಾರ್, ಸಂಬಳದ ಪುರಾವೆ. ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು ಅಂತ 2022ರಲ್ಲಿ ಬಂದ ನಿಯಮ ಹೇಳುತ್ತದೆ. ನನ್ನ ವಿಷಯದಲ್ಲಿ ಚಾರ್ಜ್‌ಶೀಟಿನ ಪ್ರತಿ ಕೈಗೆ ಸಿಗಲು ಭಾವಮೈದ ಏಳು ಸಲ ಸ್ಟೇಷನ್ನಿಗೆ ಹೋಗಬೇಕಾಯಿತು. ಆ ನಿಯಮ ಇದೆ ಅಂತ ಗೊತ್ತಿದ್ದರೆ ಕೇಳುವಾಗ ದನಿಯಾದರೂ ಗಟ್ಟಿ ಇರುತ್ತದೆ.

ಸಂಬಳದ ಪುರಾವೆ ಅನ್ನುವಲ್ಲಿ ನಾನು ಸಿಕ್ಕಿಬಿದ್ದೆ. ನನಗೆ ತಿಂಗಳಿಗೆ ಇಪ್ಪತ್ತೆರಡು ಸಾವಿರ, ಕೈಗೆ ನಗದು. ಬ್ಯಾಂಕಿಗೆ ಹಾಕಿಸಿಕೊಳ್ಳುವ ಅಭ್ಯಾಸವೇ ಇಲ್ಲ. ಮಾಲೀಕರು ಒಳ್ಳೆಯವರು, ಮಲಗಿದ್ದಾಗ ಎರಡು ತಿಂಗಳು ಅರ್ಧ ಸಂಬಳ ಕೊಟ್ಟವರು. "ಲೆಟರ್‌ಹೆಡ್ಡಲ್ಲಿ ಎಷ್ಟು ಬೇಕಾದರೂ ಬರೆದುಕೊಡ್ತೀನಿ ಕಣಯ್ಯ. ಕೋರ್ಟಿಗೆ ಮಾತ್ರ ಕರೀಬೇಡ" ಅಂದರು. ಆ ಪತ್ರಕ್ಕೆ ಬೆಲೆ ಬರಬೇಕಾದರೆ ಬರೆದವರೇ ಬಂದು ಸಾಕ್ಷಿ ಹೇಳಬೇಕು, ಲೆಕ್ಕದ ಪುಸ್ತಕ ತೋರಿಸಬೇಕು. ಅವರು ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಒಂದು ಕಾರಣಕ್ಕೆ ಎಷ್ಟು ಹೋಯಿತು ಅಂತ ಮುಂದೆ ಹೇಳುತ್ತೇನೆ. ನಗದು ಸಂಬಳದವರು ತಿಂಗಳಿಗೊಂದು ಸಲ ಅದನ್ನು ನಿಮ್ಮ ಖಾತೆಗಾದರೂ ತುಂಬಿ, ತೆಗೆಯಿರಿ.

ನವೆಂಬರ್ 2022ಕ್ಕೆ ಅರ್ಜಿ ದಾಖಲಾಯಿತು. ಎಂವಿಸಿ ನಂಬರ್, ಅಂದರೆ ಕೇಸಿನ ನಂಬರ್ ಸಿಕ್ಕಿತು. ಅದರ ಜೊತೆ ಹದಿನಾರು ಅಕ್ಷರದ ಸಿಎನ್‌ಆರ್ ನಂಬರ್ ಕೂಡ ಸಿಗುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿಕೊಂಡರೆ ಮುಂದಿನ ವಾಯಿದೆ ಯಾವತ್ತು ಅಂತ ಮನೆಯಲ್ಲೇ ಗೊತ್ತಾಗುತ್ತದೆ. ವಕೀಲರಿಗೆ ದಿನಾ ಫೋನ್ ಮಾಡಿ ಬೈಸಿಕೊಳ್ಳಬೇಕಾಗಿಲ್ಲ.

ಆಮೇಲೆ ಕಾಯುವುದು. ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಒಟ್ಟು ಹತ್ತೊಂಬತ್ತು ವಾಯಿದೆ. ಅದರಲ್ಲಿ ನಿಜವಾಗಿ ಏನಾದರೂ ನಡೆದದ್ದು ಏಳು ದಿನ. ಕಾರಿನವರಿಗೆ ನೋಟಿಸ್ ತಲುಪಲಿಲ್ಲ, ಕಂಪನಿ ವಕೀಲರು ತಕರಾರು ಹಾಕಲು ಸಮಯ ಕೇಳಿದರು, ನ್ಯಾಯಾಧೀಶರು ರಜೆ, ವಕೀಲರ ಕಲಾಪ ಬಹಿಷ್ಕಾರ. ಒಂದು ಸಲವಂತೂ ಹನ್ನೊಂದರಿಂದ ನಾಲ್ಕರವರೆಗೆ ಬೆಂಚಿನ ಮೇಲೆ ಕೂತಿದ್ದೆ. ಆಗ ಇನ್ನೂ ಕೋಲು ಹಿಡಿದು ನಡೆಯುತ್ತಿದ್ದೆ. ಜವಾನರು ಹೆಸರು ಕೂಗಿದರು, ಎದ್ದು ನಿಂತು ಒಳಗೆ ಹೋಗುವಷ್ಟರಲ್ಲಿ ಮುಂದಿನ ತಿಂಗಳ ತಾರೀಖು ಬಿದ್ದಿತ್ತು. ಕಾರಿನವರು ಕೊನೆಯವರೆಗೂ ಬರಲೇ ಇಲ್ಲ. ಅವರನ್ನು ಎಕ್ಸ್‌ಪಾರ್ಟಿ ಮಾಡಿದರು, ಅಂದರೆ ಅವರಿಲ್ಲದೆಯೇ ಕೇಸು ನಡೆಸಿದರು. ಕ್ರಿಮಿನಲ್ ಕೇಸು ಬೇರೆ ಕೋರ್ಟಿನಲ್ಲಿ ಅದರ ಪಾಡಿಗೆ ನಡೆಯುತ್ತದೆ, ಅದು ಮುಗಿಯಲಿ ಅಂತ ಇದು ಕಾಯುವುದಿಲ್ಲ.

2023ರ ಸೆಪ್ಟೆಂಬರಿನ ಲೋಕ ಅದಾಲತ್ತಿಗೆ ನಮ್ಮ ಫೈಲು ಹೋಯಿತು. ಕಂಪನಿ ಕಡೆಯವರು ಎರಡು ಮುಕ್ಕಾಲು ಲಕ್ಷ ಅಂದರು. ಅಲ್ಲಿ ಒಪ್ಪಿ ಸಹಿ ಹಾಕಿದರೆ ಮುಗಿಯಿತು, ಅದರ ಮೇಲೆ ಅಪೀಲು ಇಲ್ಲ. ಆದರೆ ದುಡ್ಡು ಬೇಗ ಬರುತ್ತದೆ. ನಮ್ಮ ತಾಯಿ, "ಬಂದಷ್ಟು ಬರಲಿ, ಕೋರ್ಟು ಹತ್ತಿದವರು ಉದ್ಧಾರ ಆಗಿಲ್ಲ" ಅಂದರು. ಹೆಂಡತಿ ಏನೂ ಹೇಳಲಿಲ್ಲ, ಬರೀ ಕೈಯನ್ನೊಮ್ಮೆ ಸವರಿಕೊಂಡಳು. ರಾತ್ರಿ ನಿದ್ದೆ ಬರಲಿಲ್ಲ. ಆಗಲೇ ಖರ್ಚು ಒಂದು ಲಕ್ಷದ ಎಂಬತ್ತು ಸಾವಿರ ದಾಟಿತ್ತು. ಉಳಿಯುವುದು ತೊಂಬತ್ತು ಚಿಲ್ಲರೆ. ಬೆಳಿಗ್ಗೆ ಮೇಡಂಗೆ ಬೇಡ ಅಂದೆ. ಅದು ಧೈರ್ಯ ಅಂತ ಹೇಳಿಕೊಳ್ಳಲಾರೆ. ಮುಂದೆ ಏನು ಕಾದಿದೆ ಅಂತ ಗೊತ್ತಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ.

ಕಾದಿದ್ದದ್ದು ಒಂದು ಪದ.

2024ರ ಫೆಬ್ರವರಿಯಲ್ಲಿ ನನ್ನ ಪಾಟೀಸವಾಲು. ಕಂಪನಿ ವಕೀಲರು ಮೆತ್ತಗೆ ಶುರು ಮಾಡಿದರು. ಹೆಸರು, ಕೆಲಸ, ವಯಸ್ಸು. ಆಗ ಮೂವತ್ತೆಂಟು ಅಂದೆ. ಆಮೇಲೆ ಒಂದು ಹಾಳೆ ತೆಗೆದರು. ಆಸ್ಪತ್ರೆಯ ಕೇಸ್ ಶೀಟು. ನಾನು ಬಂದ ದಿನ ಡ್ಯೂಟಿಯಲ್ಲಿದ್ದ ಡಾಕ್ಟರು ಇಂಗ್ಲಿಷಿನಲ್ಲಿ ಬರೆದ ಒಂದು ಸಾಲು. ಅದರ ಅರ್ಥ, ದ್ವಿಚಕ್ರ ವಾಹನದಿಂದ ತಾನೇ ಬಿದ್ದು ಪೆಟ್ಟಾಗಿದೆ ಅಂತ. "ಹಾಗಾದರೆ ನೀವು ಸ್ಕೂಟರ್ ಓಡಿಸುತ್ತಿದ್ದಿರಿ. ಲೈಸೆನ್ಸ್ ಇಲ್ಲ. ಸ್ಕಿಡ್ ಆಗಿ ಬಿದ್ದಿರಿ. ಆರು ದಿನ ಯೋಚನೆ ಮಾಡಿ ಯಾವುದೋ ಕಾರಿನ ನಂಬರ್ ಹಿಡಿದು ದೂರು ಕೊಟ್ಟಿರಿ. ಸರಿ ತಾನೆ?"

ನನಗೆ ಬಾಯಿ ಒಣಗಿತು. ಸರಿಯಲ್ಲ ಅಂದೆ. ಅಷ್ಟೇ ಹೇಳಲು ಆದದ್ದು.

ಆದದ್ದು ಇಷ್ಟು. ನನ್ನನ್ನು ಕರೆತಂದ ಎಳನೀರಿನವರನ್ನು ಡಾಕ್ಟರು ಕೇಳಿದ್ದಾರೆ, ಏನಾಯಿತು ಅಂತ. ಅವರು, "ಗಾಡಿಯಿಂದ ಬಿದ್ಬುಟ್ರು ಸ್ವಾಮಿ" ಅಂದಿದ್ದಾರೆ. ನಮ್ಮಲ್ಲಿ ಸೈಕಲ್ಲೂ ಗಾಡಿ, ಸ್ಕೂಟರೂ ಗಾಡಿ, ಲಾರಿಯೂ ಗಾಡಿ. ಡಾಕ್ಟರ ಕಿವಿಗೆ ಅದು ಟೂ ವೀಲರ್ ಆಯಿತು. ಗುದ್ದಿದ ವಿಷಯ ಬರಲೇ ಇಲ್ಲ, ಹಾಗಾಗಿ ಅದು ತಾನೇ ಬಿದ್ದದ್ದು ಅಂತಾಯಿತು. ತಾನೇ ಬಿದ್ದದ್ದು ಅಂತಾದ ಮೇಲೆ ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ ಲೀಗಲ್ ಕೇಸ್) ಮಾಡಿ ಪೊಲೀಸರಿಗೆ ತಿಳಿಸಲಿಲ್ಲ. ಅದೇ ಸಾಲು ಡಿಸ್ಚಾರ್ಜ್ ಸಮರಿಗೂ ಇಳಿದಿತ್ತು. ಅದು ಒಂದೂ ಮುಕ್ಕಾಲು ವರ್ಷದಿಂದ ನನ್ನ ಮನೆಯ ಫೈಲಿನಲ್ಲೇ ಇತ್ತು. ದಿನವಿಡೀ ಬೇರೆಯವರ ಅಲ್ಪವಿರಾಮ, ಒತ್ತಕ್ಷರ ತಿದ್ದುವ ಮನುಷ್ಯ ನಾನು. ನನ್ನ ಹೆಸರಿನ ಮೂರು ಪುಟ ಓದಿರಲಿಲ್ಲ.

ದಯವಿಟ್ಟು ಡಿಸ್ಚಾರ್ಜ್ ಆಗುವ ದಿನ, ಬಿಲ್ ಕಟ್ಟುವ ಮುಂಚೆ, ಆ ಹಾಳೆಯಲ್ಲಿ ಅಪಘಾತ ಹೇಗಾಯಿತು ಅಂತ ಬರೆದಿರುವ ಸಾಲನ್ನು ಓದಿ. ಇಂಗ್ಲಿಷ್ ಬಾರದಿದ್ದರೆ ಯಾರ ಕೈಯಲ್ಲಾದರೂ ಓದಿಸಿ. ತಪ್ಪಿದ್ದರೆ ಆಗಲೇ ಡಾಕ್ಟರಿಗೆ ಹೇಳಿ, ಬರವಣಿಗೆಯಲ್ಲಿ ಕೊಡಿ, ಅದಕ್ಕೊಂದು ಸ್ವೀಕೃತಿ ತೆಗೆದುಕೊಳ್ಳಿ. ಎಂಎಲ್‌ಸಿ ಆಗಿದೆಯಾ ಅಂತ ಕೇಳಿ, ನಂಬರ್ ಬರೆದುಕೊಳ್ಳಿ.

ಅವತ್ತು ಕೋರ್ಟಿನ ಹೊರಗೆ ಬಂದು ಮರದ ಕೆಳಗೆ ನಿಂತೆವು. ಮೇಡಂ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಆ ಕಾರಿನವರು ಅವತ್ತೇ ಆಸ್ಪತ್ರೆಗೆ ಬಂದಿದ್ದರು ಅನ್ನೋದಕ್ಕೆ ಏನಾದರೂ ಇದೆಯಾ?" ನಾನು ತಡವರಿಸಿದೆ. ಆ ಹತ್ತು ಸಾವಿರದ ವಿಷಯವನ್ನು ನಾನು ಅವರಿಗೆ ಹೇಳಿರಲೇ ಇಲ್ಲ. ದುಡ್ಡು ತಗೊಂಡಿದ್ದೀನಿ ಅಂತ ಗೊತ್ತಾದರೆ ಕೇಸು ಬಿದ್ದುಹೋಗುತ್ತದೆ ಅಂತ ಯಾರೋ ಹೆದರಿಸಿದ್ದರು. ಮೊಬೈಲ್ ತೆಗೆದು ತೋರಿಸಿದೆ. ಜೂನ್ 14, ಬೆಳಿಗ್ಗೆ 10:52. ಕಾರಿನವರ ಹೆಸರು, ಹತ್ತು ಸಾವಿರ. "ಇದನ್ನ ಯಾಕ್ರೀ ಮುಚ್ಚಿಟ್ರಿ? ಇದೇ ಅಲ್ವೇನ್ರೀ ನಿಮ್ಮ ಕೇಸು!" ಅಂತ ಮೇಡಂ ಅಲ್ಲೇ ಗದರಿದರು. ಅಷ್ಟು ಖುಷಿಯಿಂದ ಬೈಸಿಕೊಂಡದ್ದು ನಾನು ಬೇರೆ ಯಾವಾಗಲೂ ಇಲ್ಲ.

ಮೊಬೈಲಿನ ಸ್ಕ್ರೀನ್‌ಶಾಟ್ ಸಾಲದು. ಬ್ಯಾಂಕಿಗೆ ಹೋಗಿ ಆ ತಿಂಗಳ ಸ್ಟೇಟ್‌ಮೆಂಟನ್ನು ಸೀಲು, ಸಹಿ, ಪ್ರಮಾಣಪತ್ರದ ಸಮೇತ ತಂದೆ. ನನ್ನನ್ನು ಮತ್ತೆ ಸಾಕ್ಷಿಕಟ್ಟೆಗೆ ಕರೆಯಿರಿ ಅಂತ ಅರ್ಜಿ. ಅದಕ್ಕೆ ಕಂಪನಿಯ ತಕರಾರು. ಆ ಅರ್ಜಿಗೇ ಎರಡು ವಾಯಿದೆ ಹೋಯಿತು. ವಕೀಲರ ಹತ್ತಿರ ಏನೂ ಮುಚ್ಚಿಡಬೇಡಿ, ನಿಮಗೆ ನಾಚಿಕೆ ಅನಿಸುವುದನ್ನಂತೂ ಮೊದಲೇ ಹೇಳಿಬಿಡಿ.

ಎಳನೀರಿನವರನ್ನು ಸಾಕ್ಷಿಗೆ ಕರೆಯಲು ಮೂರು ಸಲ ಹೋದೆ. "ಕೋರ್ಟು ಕಚೇರಿ ನಮ್ಗ್ಯಾಕೆ ಸ್ವಾಮಿ" ಅನ್ನುತ್ತಿದ್ದರು. ಒತ್ತಾಯ ಮಾಡುವಂತೆಯೂ ಇಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಬಲವಂತವಾಗಿ ಸಾಕ್ಷಿ ಮಾಡಬಾರದು ಅಂತ ಕಾನೂನೇ ಇದೆ, ಮೋಟಾರು ವಾಹನ ಕಾಯ್ದೆಯ 134ಎ ಅಂತ. ಆ ಕಾನೂನಿನ ಬಗ್ಗೆ ನಾನೇ ಅವರಿಗೆ ಹೇಳಿದೆ. ಬರದಿದ್ದರೂ ಯಾರೂ ಏನೂ ಮಾಡುವುದಿಲ್ಲ ಅಂತ. ಅದಾದ ಮೇಲೆ ಅವರಾಗಿಯೇ ಬರುತ್ತೇನೆ ಅಂದರು. ಯಾಕೆ ಅಂತ ಗೊತ್ತಿಲ್ಲ.

ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಕಂಪನಿ ವಕೀಲರು ಕೇಳಿದರು. "ಡಾಕ್ಟರ ಹತ್ತಿರ ಏನು ಹೇಳಿದಿರಿ?"

"ಗಾಡಿಯಿಂದ ಬಿದ್ರು ಅಂದೆ."

"ಅಂದರೆ ಸ್ಕೂಟರಿನಿಂದ."

"ಸೈಕಲ್ ಗಾಡಿ ಸ್ವಾಮಿ. ಕಾರು ಬಂದು ಗುದ್ತು."

"ಸೈಕಲ್ಲಿಗೆ ಯಾರಾದರೂ ಗಾಡಿ ಅಂತಾರೇನ್ರೀ?"

"ನಾನು ಎಳನೀರು ಮಡಗೋದೂ ಗಾಡೀನೇ. ಅದನ್ನೇನು ಪೆಟ್ರೋಲ್ ಹಾಕಿ ಓಡಿಸ್ತೀನಾ?"

ಟೈಪ್ ಮಾಡುತ್ತಿದ್ದವರ ಕೈ ನಿಂತಿತು. ನ್ಯಾಯಾಧೀಶರು ತಲೆ ತಗ್ಗಿಸಿ ಏನೋ ಬರೆದುಕೊಂಡರು, ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ. ಆಮೇಲೆ ಆ ಮಾತನ್ನು ಹಾಗೇ ಬರೆಸಿದರು. ಎಳನೀರಿನವರ ಒಂದು ದಿನದ ವ್ಯಾಪಾರ ಹೋಗಿತ್ತು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬಸ್ಸಿನ ಚಾರ್ಜನ್ನು ಮಾತ್ರ ಲೆಕ್ಕ ಹಾಕಿ ತೆಗೆದುಕೊಂಡರು.

ಉಳಿದದ್ದು ಡಾಕ್ಟರ ಸಾಕ್ಷಿ. ಅಂಗವೈಕಲ್ಯ ಎಷ್ಟು ಅಂತ ಮೂಳೆ ಡಾಕ್ಟರು ಪರೀಕ್ಷೆ ಮಾಡಿ, ಹೊಸ ಎಕ್ಸ್‌ರೇ ತೆಗೆಸಿ, ಕೋರ್ಟಿಗೆ ಬಂದು ಹೇಳಬೇಕು. ಬರೀ ಸರ್ಟಿಫಿಕೇಟ್ ಇಟ್ಟರೆ ಆಗದು. ಅವರು ಬಂದದ್ದಕ್ಕೆ ಐದು ಸಾವಿರ ಕೊಟ್ಟೆ. ಕಾಲಿಗೆ ಶೇಕಡಾ 33, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 11 ಅಂದರು. ಕಂಪನಿ ವಕೀಲರ ಪ್ರಶ್ನೆ, "ಇವರು ಕೂತು ಟೈಪ್ ಮಾಡುವವರು. ಕಾಲಿಗೂ ಕೀಬೋರ್ಡಿಗೂ ಏನು ಸಂಬಂಧ?" ಇದು ಸುಮ್ನೆ ಕೆಣಕುವ ಪ್ರಶ್ನೆಯಲ್ಲ. ವೈಕಲ್ಯ ಎಷ್ಟು ಅನ್ನುವುದಕ್ಕಿಂತ, ಅದರಿಂದ ನಿಮ್ಮ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅನ್ನುವುದನ್ನು ನೋಡಬೇಕು ಅಂತ 2011ರಲ್ಲಿ ಪ್ರಕಟವಾದ ರಾಜಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡ್ರೈವರಿಗೆ, ಗಾರೆ ಕೆಲಸದವರಿಗೆ ಅದು ಅನುಕೂಲ. ನನ್ನಂಥವರಿಗೆ ಉಲ್ಟಾ. ಮೇಡಂ ಇದನ್ನು ಮೊದಲೇ ಊಹಿಸಿದ್ದರು. ಪ್ರೆಸ್ಸಿನ ಕಡಿದಾದ ಮರದ ಮೆಟ್ಟಿಲಿನ ಫೋಟೋ ತೆಗೆಸಿಟ್ಟಿದ್ದರು. ಪೇಪರ್ ರೀಮು ಹೊತ್ತು ನಾನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿದ್ದ ಮೆಟ್ಟಿಲು. ಈಗ ನೆಲದ ಮೇಲೆ ಕಾಲು ಮಡಚಿ ಕೂರಲು ಆಗುವುದಿಲ್ಲ ಅಂತ ನನ್ನ ಅಫಿಡವಿಟ್ಟಿನಲ್ಲಿ ಬರೆಸಿದ್ದರು. ಮದುವೆ ಮನೆಯಲ್ಲಿ ಪಂಕ್ತಿಯಿಂದ ಎದ್ದು ಮೂಲೆಯ ಕುರ್ಚಿಯಲ್ಲಿ ಎಲೆ ಹಿಡಿದು ಕೂರುವುದು ಎಷ್ಟು ಮುಜುಗರ ಅಂತ ಬರೆಸಲು ಆಗಲಿಲ್ಲ.

2024ರ ಡಿಸೆಂಬರಿನಲ್ಲಿ ತೀರ್ಪು ಬಂತು. ಲೆಕ್ಕ ಹೀಗಿತ್ತು. ಸಂಬಳಕ್ಕೆ ಪುರಾವೆ ಇಲ್ಲದ್ದರಿಂದ, ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್ತಿಗಾಗಿ ಮಾಡಿಟ್ಟಿರುವ ಪಟ್ಟಿಯ ಪ್ರಕಾರ ತಿಂಗಳಿಗೆ 15,500 ಅಂತ ಹಿಡಿದರು. ವರ್ಷದ ದುಡಿಮೆಯನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಗುಣಕ, ಮೂವತ್ತಾರರಿಂದ ನಲವತ್ತರ ವಯಸ್ಸಿಗೆ 15. ವೈಕಲ್ಯ ಶೇಕಡಾ 10. ಮುಂದಿನ ದುಡಿಮೆಯ ನಷ್ಟ 2,79,000. ನನ್ನ ನಿಜವಾದ ಸಂಬಳ ಹಿಡಿದಿದ್ದರೆ ಅದೇ 3,96,000 ಆಗುತ್ತಿತ್ತು. ಮಾಲೀಕರ ಒಂದು ದಿನದ ಬೆಲೆ ಲಕ್ಷದ ಹದಿನೇಳು ಸಾವಿರ! ನೋವಿಗೆ ಐವತ್ತು ಸಾವಿರ, ನಾಲ್ಕು ತಿಂಗಳ ಸಂಬಳ 62,000, ಓಡಾಟ, ಊಟ, ನೋಡಿಕೊಂಡವರಿಗೆ ಇಪ್ಪತ್ತೈದು ಸಾವಿರ, ಬದುಕಿನ ಸೌಕರ್ಯ ಕಳೆದುಕೊಂಡದ್ದಕ್ಕೆ ಮೂವತ್ತು, ರಾಡ್ ತೆಗೆಸಲು ಮೂವತ್ತು. ಆಸ್ಪತ್ರೆ, ಔಷಧಿ, ಫಿಸಿಯೋಥೆರಪಿ ಎಲ್ಲ ಸೇರಿ 1,81,200 ರೂಪಾಯಿ ಬಿಲ್ಲು ಕೊಟ್ಟಿದ್ದೆ. ಒಪ್ಪಿದ್ದು 1,68,430. ಉಳಿದವು ಮೆಡಿಕಲ್ ಶಾಪಿನ ಚೀಟಿಗಳು, ಅದರಲ್ಲಿ ನನ್ನ ಹೆಸರೇ ಇರಲಿಲ್ಲ. ಮಾತ್ರೆ ಕೊಳ್ಳುವಾಗ ಬಿಲ್ಲಿಗೆ ಹೆಸರು ಬರೆಸಿ, ಸಂಕೋಚ ಬೇಡ. ಬಿಲ್ಲುಗಳನ್ನು ಜೆರಾಕ್ಸ್ ಮಾಡಿಸಿ. ಅಂಗಡಿಯ ತೆಳು ಕಾಗದದ ಅಕ್ಷರ ಆರು ತಿಂಗಳಲ್ಲಿ ಅಳಿಸಿಹೋಗುತ್ತದೆ.

ಕಾರಿನವರು ಕೊಟ್ಟ ಹತ್ತು ಸಾವಿರ ಕಳೆದು ಒಟ್ಟು 6,34,430. ಅರ್ಜಿ ಹಾಕಿದ ದಿನದಿಂದ ವರ್ಷಕ್ಕೆ ಶೇಕಡಾ 6 ಬಡ್ಡಿ, ಮುಂದಿನ ಚಿಕಿತ್ಸೆಯ ಮೂವತ್ತು ಸಾವಿರಕ್ಕೆ ಬಡ್ಡಿ ಇಲ್ಲ. ತೀರ್ಪು ಓದಿದಾಗ ಖುಷಿಗಿಂತ ಸುಸ್ತೇ ಜಾಸ್ತಿ ಆಯಿತು. ಮನೆಗೆ ಬಂದು ಮಧ್ಯಾಹ್ನವೇ ಮಲಗಿಬಿಟ್ಟೆ.

ತೀರ್ಪು ಬಂದರೆ ದುಡ್ಡು ಬಂದ ಹಾಗಲ್ಲ. ಕಂಪನಿಗೆ ಹೈಕೋರ್ಟಿಗೆ ಹೋಗಲು 90 ದಿನ ಇರುತ್ತದೆ. ಪ್ರತಿದಿನ ಆ್ಯಪ್ ತೆಗೆದು ನೋಡುವುದು. ಅವರು ಹೋಗಲಿಲ್ಲ. 2025ರ ಮಾರ್ಚಿನಲ್ಲಿ ಹಣ ಕೋರ್ಟಿಗೆ ಕಟ್ಟಿದರು. ಬಡ್ಡಿ ಸುಮಾರು 84 ಸಾವಿರ ಬಂದಿತ್ತು. ಬಡ್ಡಿ ಐವತ್ತು ಸಾವಿರ ದಾಟಿದ್ದಕ್ಕೆ ಟಿಡಿಎಸ್, ಅಂದರೆ ಕೊಡುವಾಗಲೇ ಹಿಡಿಯುವ ತೆರಿಗೆ ಅಂತ ಎಂಟು ಸಾವಿರಕ್ಕೂ ಹೆಚ್ಚು ಮುರಿದುಕೊಂಡಿದ್ದರು. ಆಗ ಪ್ಯಾನ್ ಕೊಟ್ಟಿದ್ದರೆ ಶೇಕಡಾ 10, ಇಲ್ಲದಿದ್ದರೆ 20 ಮುರಿಯುತ್ತಿದ್ದರು. ಹಾಗೆ ಮುರಿದಿದ್ದರೆ ಆದಾಯ ಕಡಿಮೆ ಇರುವವರು ರಿಟರ್ನ್ ಹಾಕಿ ವಾಪಸ್ ಕೇಳಬಹುದು, ನಾನೂ ಹಾಕಬೇಕು. ಆಮೇಲೆ ಪ್ಯಾನ್, ಆಧಾರ್, ಪಾಸ್‌ಬುಕ್, ಫೋಟೋ ಇಟ್ಟು ಹಣ ಬಿಡುಗಡೆಗೆ ಇನ್ನೊಂದು ಅರ್ಜಿ. ಪಾಸ್‌ಬುಕ್ಕಿನಲ್ಲಿ ನನ್ನ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ. ಅದಕ್ಕೆ ಒಂದು ತಿಂಗಳು. ಅರ್ಧ ಕೈಗೆ, ಇನ್ನರ್ಧ ಮೂರು ವರ್ಷ ರಾಷ್ಟ್ರೀಕೃತ ಬ್ಯಾಂಕಿನ ಎಫ್‌ಡಿಯಲ್ಲಿ. ನನ್ನ ಕೈಯಿಂದ ಹೋದದ್ದು ಮೇಡಂ ಫೀಸು ಸೇರಿ ಅರವತ್ತೆರಡು ಸಾವಿರ, ಸಂಬಳವಿಲ್ಲದ ಹತ್ತೊಂಬತ್ತು ದಿನ ಬೇರೆ.

ನನಗೆ ಉಪಯೋಗಕ್ಕೆ ಬರದ, ನಿಮಗೆ ಬರಬಹುದಾದ ಎರಡು ವಿಷಯ ಹೇಳಿಬಿಡುತ್ತೇನೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸೆಯ ಯೋಜನೆ ಬಂದಿದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ. ಅದಕ್ಕೂ ಪೊಲೀಸರಿಗೆ ವಿಷಯ ತಿಳಿಯಲೇಬೇಕು, ಮೊದಲು 112ಕ್ಕೆ ಫೋನ್ ಮಾಡಿ. ಗುದ್ದಿದವರು ಓಡಿಹೋಗಿ ಗಾಡಿ ಯಾವುದು ಅಂತಲೇ ಗೊತ್ತಾಗದಿದ್ದರೆ ದಾರಿ ಬೇರೆ. ಹಿಟ್ ಆ್ಯಂಡ್ ರನ್ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ಸಣ್ಣ ಮೊತ್ತ, ಆದರೂ ಬಿಡಬೇಡಿ.

ನಿನ್ನೆ ಬಳೆ ಬಿಡಿಸಿಕೊಂಡು ಬಂದೆವು. ರಾಡ್ ಇನ್ನೂ ಕಾಲಿನೊಳಗೇ ಇದೆ, ದೀಪಾವಳಿ ರಜೆಯಲ್ಲಿ ತೆಗೆಸೋಣ ಅಂದಿದ್ದಾರೆ ಡಾಕ್ಟರು. ಸೈಕಲ್ಲು ಪ್ರೆಸ್ಸಿನ ಹಿಂದಿನ ಶೆಡ್ಡಿನಲ್ಲಿ ಗೋಡೆಗೆ ಒರಗಿಕೊಂಡಿದೆ. ಮುಂದಿನ ಚಕ್ರ, ಫೋರ್ಕ್ ಎರಡೂ ಹೋಗಿವೆ. ರಿಪೇರಿಯವನು ಎರಡು ಸಾವಿರದ ಇನ್ನೂರು ಕೇಳಿದ. ಹೆಂಡತಿಗೆ ಇನ್ನೂ ಹೇಳಿಲ್ಲ.